ಹುಲ್ಲು ತುಂಬಿದ ಕರು

ನಂಬಿರಿ ಎಂದು ನಾನು ಯಾರ ಕೈಯನ್ನೂ ಹಿಡಿಯುವುದಿಲ್ಲ. ಐದನೆಯ ತರಗತಿಗೇ ಪಾಟಿಚೀಲ ಮೂಲೆಗೆ ಎಸೆದವನು ನಾನು. ಕಥೆ ಕಟ್ಟುವ ವಿದ್ಯೆ ನನಗೆ ಬರುವುದಿಲ್ಲ. ಬರುವುದೆಂದರೆ ಕಲ್ಲು ಒಡೆಯುವುದು, ಹೊಲ ಹರಗುವುದು, ದನ ಕಟ್ಟುವುದು. ಹಾಗಾಗಿ ಕಿವಿಗೆ ಬಿದ್ದದ್ದನ್ನು, ಮೂಗಿಗೆ ಬಡಿದದ್ದನ್ನು, ಬಾಯಿಗೆ ಬಂದ ರುಚಿಯನ್ನು ಇದ್ದದ್ದು ಇದ್ದ ಹಾಗೆ ಬರೆಯುತ್ತಿದ್ದೇನೆ. ಸುಳ್ಳು ಅನ್ನಿಸಿದವರು ಮಸ್ಕಿಯಿಂದ ಲಿಂಗಸುಗೂರಿಗೆ ಹೋಗುವ ಬಸ್ಸಿನಿಂದ ನಡುವೆ ಇಳಿದು, ಗುಡ್ಡದ ಸಾಲು ಹಿಡಿದು ನಮ್ಮ ಹೊಲದ ಮನೆಗೆ ಬರಬಹುದು. ಒಂದು ರಾತ್ರಿ ಇದ್ದು ನೋಡಬಹುದು. ಬಿಸಿ ರೊಟ್ಟಿ ಇದೆ, ಪುಂಡಿಪಲ್ಯ ಇದೆ, ಮಲಗಲು ಹೊರಸು ಇದೆ.

ಹಾಲು ಮಾತ್ರ ಕೇಳಬಾರದು...

ಮೊದಲು ನಾನು ಸಿಂಧನೂರಿನಲ್ಲಿ ಅಕ್ಕಿ ಗಿರಣಿಯ ಹಮಾಲ. ಬೆನ್ನಿನ ಮೇಲೆ ಮೂಟೆ, ಎದೆಯೊಳಗೆ ತೌಡಿನ ಧೂಳು. ಒಂದು ದಿನ ಸಾಕು ಅನ್ನಿಸಿತು. ಅಪ್ಪ ಬಿಟ್ಟುಹೋದ ಒಣಭೂಮಿಗೆ ಬಂದು, ಗುಡ್ಡದ ಕಲ್ಲು ನಾನೇ ಹೊತ್ತು ತಂದು ಎರಡು ಕೋಣೆಯ ಮನೆ ಕಟ್ಟಿದೆ. ಮುಂದೆ ದನಕ್ಕೊಂದು ಛಪ್ಪರ, ಬಾಗಿಲಿಗೊಂದು ಬೇವು, ಹಿತ್ತಿಲಿಗೊಂದು ಬಾವಿ. ಜೋಳ, ಸಜ್ಜೆ, ತೊಗರಿ. ಟಿವಿ ಇಲ್ಲ. ಯಾರ ಮನೆಯ ಗಂಟೆಗೂ ಏಳುವ ಗರಜು ನನಗಿಲ್ಲ.

ಕೆಲವೊಮ್ಮೆ ಸಿಂಧನೂರಿನ ಹಳೆಯ ಪರಿಚಯದವರು ಬೈಕಿನ ಮೇಲೆ ಬರುತ್ತಾರೆ. ಬೇವಿನ ಕೆಳಗೆ ನಿಂತು ಫೋಟೋ ತೆಗೆದುಕೊಳ್ಳುತ್ತಾರೆ. "ಅಮರೇಶಣ್ಣ, ನೀವೇ ಪುಣ್ಯವಂತ್ರು ನೋಡ್ರಿ. ಎಷ್ಟು ನೆಮ್ಮದಿ ಐತಿ ಇಲ್ಲಿ!" ಎನ್ನುತ್ತಾರೆ. ನಾನು ನಗುತ್ತೇನೆ. ಅವರ ತಲೆಯ ಮೇಲಿನ ಕೊಂಬೆಯಲ್ಲೇ ಗೂಬೆ ಇಲಿಯ ಹೊಟ್ಟೆ ಬಗೆಯುತ್ತಿರುತ್ತದೆ. ಹದ್ದು ಕೋಳಿಮರಿಯನ್ನು ಎತ್ತಿಕೊಂಡು ಹೋಗುವಾಗ ತಾಯಿಕೋಳಿ ಅಂಗಳವೆಲ್ಲ ಓಡಾಡಿ, ಸ್ವಲ್ಪ ಹೊತ್ತಿನ ಮೇಲೆ ಕಾಳು ಹೆಕ್ಕತೊಡಗುತ್ತದೆ. ನಿಸರ್ಗವನ್ನು ತಾಯಿ ಅನ್ನುತ್ತಾರೆ. ಇರಬಹುದು. ಬೆಕ್ಕು ಕೂಡ ತಾಯಿಯೇ. ಹಸಿವಾದರೆ ತನ್ನ ಮರಿಯನ್ನೇ ತಿನ್ನುತ್ತದೆ. ಸರಳವಾಗಿ ಬದುಕುವುದೆಂದರೆ ಆ ಬೆಕ್ಕಿನ ಪಕ್ಕದಲ್ಲಿ ಮಲಗಿ ನಿದ್ದೆ ಮಾಡುವುದು. ನನಗೆ ನಿದ್ದೆ ಬರುತ್ತಿತ್ತು.

ನಮ್ಮ ಮನೆಗಿದ್ದ ಒಂದೇ ಹಾಲಿನ ಆಸರೆ ಕರೆವ್ವ. ನನ್ನ ಹೆಂಡತಿ ಹುಲಿಗೆಮ್ಮನ ಎಮ್ಮೆ. ಮುಕ್ಕುಂದದ ತವರಿನಿಂದ ಕರುವಿದ್ದಾಗ ತಂದು, ಅಂಬಲಿ ಕುಡಿಸಿ ಬೆಳೆಸಿದವಳು ಅವಳು. ಈ ಸಲ ಕರೆವ್ವ ಈದ ಕರು ಕೆಲವೇ ದಿನ ಬದುಕಿತು. ಒಂದು ಸಂಜೆ ಅದರ ಹೊಟ್ಟೆ ಉಬ್ಬಿತು. ಕೋಳಿ ಕೂಗುವ ಹೊತ್ತಿಗೆ ಕಾಲು ಸೆಟೆದುಕೊಂಡಿತ್ತು. ಕರೆವ್ವ ಅದನ್ನು ನೆಕ್ಕಿದಳು, ನೆಕ್ಕಿದಳು, ಬಿಸಿಲೇರಿದರೂ ನೆಕ್ಕುತ್ತಲೇ ಇದ್ದಳು. ಮೈಯೆಲ್ಲ ತೊಳೆದಿಟ್ಟ ಹಾಗೆ ಹೊಳೆಯುತ್ತಿತ್ತು, ಸತ್ತ ಕರು.

ಆ ಹೊತ್ತಿನಿಂದ ಕರೆವ್ವ ಹಾಲು ಇಳಿಸಲಿಲ್ಲ. ಕೆಚ್ಚಲು ಬಿಗಿದು ಕಲ್ಲಾಗಿತ್ತು. ಮೊಲೆಗೆ ಕೈ ಹಾಕಿದರೆ ತಂಬಿಗೆಯನ್ನೇ ಒದೆಯುತ್ತಿದ್ದಳು.

"ನೋಡ ಹುಲಿಗೆವ್ವ," ಎಂದೆ, "ಹಾಲು ಕೊಡದ ಎಮ್ಮಿಗೆ ಮೇವು ಹಾಕಾಕ ನಾ ಏನ್ ಮಠ ಕಟ್ಟೀನೇನು? ಬರೋ ಸಂತಿಗೆ ಹೊಡೀತೀನಿ."

"ಕಟುಕರ ಕೈಗೆ ಕೊಡ್ತೀನಿ ಅಂತ ನೆಟ್ಟಗ ಅನ್ರಿ. ಬಾಯಿ ಬರವಲ್ದೇನು?"

"ಅಂದೆ ತಗೋ. ಕಟುಕರ ಕೈಗೆ."

"ಹಂಗಾದ್ರ ಮುಪ್ಪಾದ ಮ್ಯಾಲ ನನ್ನ ಯಾವ ಸಂತಿಗೆ ಹೊಡೀತೀರಿ, ಅದನ್ನೂ ಹೇಳಿಬಿಡ್ರಿ. ಸೀರಿ ಉಟ್ಕೊಂಡು ತಯಾರಾಗಿರ್ತೀನಿ."

ನಾನು ತಮಾಷೆ ಮಾಡುತ್ತಿಲ್ಲ ಎನ್ನುವುದು ಅವಳಿಗೆ ಗೊತ್ತಿತ್ತು. ಆಡಿದ ಮಾತು ತಿರುಗಿಸುವವನಲ್ಲ ನಾನು. ಹಾಲು ಬಂದರೆ ಕರೆವ್ವ ಉಳಿಯುತ್ತಾಳೆ, ಬರದಿದ್ದರೆ ಇಲ್ಲ.

ಪಕ್ಕದ ಹೊಲದ ಯಂಕಪ್ಪ ತಾತ ಆ ಹೊತ್ತಿಗೆ ಬೀಡಿ ಸೇದುತ್ತ ಬಂದ. ಸತ್ತ ಕರುವನ್ನು ಕೋಲಿನಿಂದ ಒಮ್ಮೆ ಹೊರಳಿಸಿ ನೋಡಿದ.

"ಹುಗ್ಯಾಕ ಹೋಗಬ್ಯಾಡಲೇ ಅಮರ್ಯಾ. ತೊಗಲು ಸುಲಿ. ಹುಲ್ಲು ತುಂಬಿ ತಾಯಿ ಮುಂದ ಇಡು. ಎಮ್ಮಿಗೆ ಬುದ್ಧಿ ಎಷ್ಟೈತಿ? ತನ್ನ ಕರಾ ಅಂತ ನೆಕ್ಕತೈತಿ, ಹಾಲು ಬಿಡತೈತಿ."

ನಮ್ಮ ಕಡೆ ಇದು ಹೊಸದೇನಲ್ಲ. ಹಿಂದಿನವರು ಮಾಡುತ್ತಿದ್ದರು, ಈಗಿನವರು ಸೂಜಿಮದ್ದು ಚುಚ್ಚುತ್ತಾರೆ. ನನಗೆ ಸೂಜಿಮದ್ದು ಕಂಡರಾಗದು. ಹುಲಿಗೆಮ್ಮ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ನಾನು ಬೇವಿನ ಕೊಂಬೆಗೆ ಕರುವನ್ನು ತೂಗುಹಾಕಿ ಸುಲಿದೆ. ತಲೆ, ಕಿವಿ, ಗೊರಸು ಎಲ್ಲಾ ಹಾಗೆಯೇ ಉಳಿಸಿದೆ. ಉಪ್ಪು, ಅರಿಶಿಣ ತಿಕ್ಕಿ, ಬೇವಿನ ಸೊಪ್ಪಿನ ಹೊಗೆ ಕೊಟ್ಟು, ನೆರಳಿಗೆ ಒಣಗಿಸಿದೆ. ಹೊಟ್ಟೆಗೆ ಒಣಹುಲ್ಲು ತುಂಬಿ ದಬ್ಬಣದಿಂದ ಹೊಲಿದೆ. ಬಾಯಿಯನ್ನೂ ಹೊಲಿದೆ. ಹೊಲಿಗೆ ಎಷ್ಟು ಚೊಕ್ಕ ಬಂದಿತ್ತೆಂದರೆ ಯಂಕಪ್ಪ ತಾತನೂ ಹ್ಞೂಂಗುಟ್ಟಿದ.

"ಒಂದು ನೆನಪಿಟ್ಕೋ. ಹಾಲು ಹಿಂಡಿದ ಕೂಡ್ಲೇ ಇದನ್ನ ಒಳಗ ಒಯ್ಯಬೇಕು. ರಾತ್ರಿ ತಾಯಿ ಮುಂದ ಬಿಡಬಾರ್ದು."

"ಯಾಕ ತಾತ?"

"ನಮ್ಮಪ್ಪ ಹೇಳಿಲ್ಲ. ನಾನೂ ಕೇಳಿಲ್ಲ."

ಮೈಗೆ ಉಪ್ಪುನೀರು, ತೌಡು ಸವರಿ ಕರೆವ್ವನ ಮುಂದೆ ಇಟ್ಟೆ. ಅವಳು ಮೂಸಿದಳು. ಒಂದು ಹೆಜ್ಜೆ ಹಿಂದೆ ಸರಿದಳು. ಮತ್ತೆ ಮೂಸಿದಳು. ಆಮೇಲೆ ಗಂಟಲಿನ ಆಳದಿಂದ "ಹ್ಞೂಂ..." ಎಂಬ ಸಣ್ಣ ದನಿ. ಎಮ್ಮೆ ಆ ದನಿ ಮಾಡುವುದು ಕರುವಿಗೆ ಮಾತ್ರ. ನೋಡನೋಡುತ್ತಲೇ ಮೊಲೆ ತುಂಬಿ ಬಂದವು. ತಂಬಿಗೆಯಲ್ಲಿ ನೊರೆ ಎದ್ದಿತು.

ನಾನು ಗೆದ್ದೆ ಎಂದುಕೊಂಡೆ.

ಹಗಲಿಗೆ ಸರಿ. ರಾತ್ರಿ ಆಗುತ್ತಿದ್ದದ್ದೇ ಬೇರೆ. ಕರುವನ್ನು ಒಳಗೆ ಒಯ್ದ ಮೇಲೆ ಕರೆವ್ವ ಒದರಲು ಶುರು ಮಾಡುತ್ತಿದ್ದಳು. ಗುಡ್ಡಕ್ಕೆ ಹೊಡೆದು ತಿರುಗಿ ಬರುವಂಥ ದನಿ. ನಾನು ಹಗಲೆಲ್ಲ ಒಡ್ಡಿಗೆ ಕಲ್ಲು ಹೊತ್ತವನು, ಎಷ್ಟು ರಾತ್ರಿ ತಡೆಯಲಿ? ಕೊನೆಗೊಂದು ರಾತ್ರಿ ಎದ್ದು, ಮೂಲೆಯಲ್ಲಿದ್ದ ಹುಲ್ಲಿನ ಕರುವನ್ನು ಕಿವಿ ಹಿಡಿದು ಎಳೆದುಕೊಂಡು ಹೋಗಿ ಅವಳ ಮುಂದೆ ಒಗೆದೆ.

"ತಗೋ. ನೆಕ್ಕು."

ದನಿ ನಿಂತಿತು. ನಾನು ಸತ್ತವನಂತೆ ಮಲಗಿದೆ.

ಬೆಳಗ್ಗೆ ಹುಲಿಗೆಮ್ಮ ತಂಬಿಗೆ ಹಿಡಿದು ಹೋದವಳು ಹಾಗೆಯೇ ತಿರುಗಿ ಬಂದಳು.

"ಕೆಚ್ಚಲಾ ಬತ್ತೈತ್ರಿ. ಒಂದು ಹನಿ ಇಲ್ಲ."

ಮರುದಿನವೂ ಇಲ್ಲ. ಅದರ ಮರುದಿನವೂ ಇಲ್ಲ. ಕಳ್ಳ ಬಂದರೆ ನಾಯಿ ಬೊಗಳಬೇಕಿತ್ತು. ಕೇರೆಹಾವು ಬಂದು ಮೊಲೆ ಚೀಪುತ್ತದೆ ಎನ್ನುತ್ತಾರೆ, ಆದರೆ ಹಾವಿಗೆ ಅಷ್ಟು ಹಾಲು ಹಿಡಿಯುವ ಹೊಟ್ಟೆ ಎಲ್ಲಿದೆ? ಸಂತೆ ಹತ್ತಿರ ಬರುತ್ತಿತ್ತು. ಹುಲಿಗೆಮ್ಮನ ಮುಖ ದಿನದಿಂದ ದಿನಕ್ಕೆ ಸಣ್ಣದಾಗುತ್ತಿತ್ತು.

"ಇವತ್ತು ರಾತ್ರಿ ಕಾಯ್ತೀನಿ," ಎಂದೆ. "ಯಾವನೇ ಇರಲಿ, ಕೈ ಕಡೀತೀನಿ."

"ಯಾವನೂ ಇಲ್ದಿದ್ರ?" ಎಂದಳು ಹುಲಿಗೆಮ್ಮ.

ನಾನು ಕುಡುಗೋಲು ಮಸೆಯಲು ಕುಳಿತೆ.

ಬೇವಿನ ಕೆಳಗೆ ಹೊರಸು ಹಾಕಿ, ಕಂಬಳಿ ಹೊದ್ದು, ತಲೆದಿಂಬಿನ ಕೆಳಗೆ ಕುಡುಗೋಲು ಇಟ್ಟುಕೊಂಡು ಮಲಗಿದೆ. ಅರ್ಧ ಚಂದ್ರ. ಹಗಲಿನ ಕಾವು ಕುಡಿದ ಗುಡ್ಡದ ಬಂಡೆಗಳು ಬಿಸಿ ಉಸಿರು ಬಿಡುತ್ತಿದ್ದವು. ಜೀರುಂಡೆಯ ಸದ್ದು. ದೂರದ ರಸ್ತೆಯಲ್ಲಿ ಆಗೊಮ್ಮೆ ಈಗೊಮ್ಮೆ ಲಾರಿ. ಛಪ್ಪರದ ಕಡೆಯಿಂದ ಗಾಳಿ ಬೀಸಿದಾಗ ಉಪ್ಪು, ಅರಿಶಿಣ, ಹಸಿ ತೊಗಲಿನ ವಾಸನೆ.

ಕರೆವ್ವ ಮೇವಿನ ಗ್ವಾದಲಿಯ ಮುಂದೆ ಕುಳಿತು ಮೆಲುಕು ಹಾಕುತ್ತಿದ್ದಳು. ಹುಲ್ಲಿನ ಕರು ಅವಳ ಮೂತಿಯ ಹತ್ತಿರ, ನಾನು ಒಗೆದ ಕಡೆಯೇ ಬಿದ್ದಿತ್ತು.

ಲಾರಿಗಳು ನಿಂತವು. ಚಂದ್ರ ಗುಡ್ಡದ ಹಿಂದೆ ಇಳಿಯಿತು. ನನಗೆ ಕಣ್ಣು ಎಳೆಯುತ್ತಿತ್ತು...

ಆಗ ಜೀರುಂಡೆಗಳು ಸುಮ್ಮನಾದವು. ಎಲ್ಲಾ ಒಟ್ಟಿಗೆ, ಯಾರೋ ಮುಚ್ಚಳ ಮುಚ್ಚಿದಂತೆ.

ಕರೆವ್ವ ಎದ್ದು ನಿಂತ ಸದ್ದು. ಕೊರಳ ಹಗ್ಗ ಗೂಟಕ್ಕೆ ಉಜ್ಜಿದ ಸದ್ದು. ಆಮೇಲೆ ಅದೇ ಕರೆ. "ಹ್ಞೂಂ... ಹ್ಞೂಂ..."

ಮತ್ತೆ ಇನ್ನೊಂದು ಸದ್ದು.

ಚಪ್... ಚಪ್... ಚಪ್...

ದನ ಕಟ್ಟಿದವರಿಗೆ ಅದು ಏನೆಂದು ಹೇಳಿಕೊಡಬೇಕಾಗಿಲ್ಲ. ಕರು ಮೊಲೆ ಚೀಪುವ ಸದ್ದು. ನಡುನಡುವೆ ಮೆತ್ತಗೆ ಒಂದು ಗುದ್ದು. ಹಾಲು ಸಾಲದಿದ್ದಾಗ ಕರು ಕೆಚ್ಚಲಿಗೆ ತಲೆಯಿಂದ ಗುದ್ದುತ್ತದಲ್ಲ, ಆ ಗುದ್ದು. ಹಸಿ ಹಾಲಿನ ವಾಸನೆ ನನ್ನ ಹೊರಸಿನವರೆಗೆ ಬಂತು.

ನಾಯಿಯನ್ನು ಕರೆಯಲು ಬಾಯಿ ತೆರೆದೆ. ನೋಡಿದರೆ ನಾಯಿ ನನ್ನ ಹೊರಸಿನ ಕೆಳಗೇ ಇತ್ತು, ಬಾಲ ಹೊಟ್ಟೆಗೆ ಸೇರಿಸಿಕೊಂಡು.

ನಾನು ಅಂಜುವವನಲ್ಲ. ಎದ್ದೆ. ಒಂದು ಕೈಯಲ್ಲಿ ಕುಡುಗೋಲು, ಒಂದು ಕೈಯಲ್ಲಿ ಬ್ಯಾಟರಿ. ಛಪ್ಪರದ ಹತ್ತಿರ ಹೋಗಿ ಬೆಳಕು ಬಿಟ್ಟೆ.

ಅದು ಕರೆವ್ವನ ಹಿಂಗಾಲುಗಳ ನಡುವೆ ನಿಂತಿತ್ತು.

ನಿಂತಿತ್ತು ಎಂದು ಬರೆದರೆ ನಗುತ್ತೀರಿ. ಹುಲ್ಲು ತುಂಬಿದ ಕಾಲಿಗೆ ಮೈ ಹೊರುವ ಶಕ್ತಿ ಇರುವುದಿಲ್ಲ ಎನ್ನುವುದು ನನಗೂ ಗೊತ್ತು, ತುಂಬಿದವನು ನಾನೇ. ಆದರೂ ನಿಂತಿತ್ತು. ಬೆಳಕು ಬಿದ್ದ ಮೇಲೆ ಬಾಲ ಒಮ್ಮೆ ಆಡಿತು, ಆಮೇಲೆ ಮೈಯೆಲ್ಲ ಮಗ್ಗುಲಿಗೆ ಉರುಳಿತು. ಬಾಯಿಗೆ ಹಾಕಿದ ಹೊಲಿಗೆ ಕಿತ್ತಿತ್ತು. ತುಟಿಯ ಮೇಲೆ ಬಿಳಿ ನೊರೆ.

ನಾನು ಅದನ್ನು ಕಾಲು ಹಿಡಿದು ಅಂಗಳಕ್ಕೆ ಎಳೆದೆ. ಭಾರ ಇತ್ತು. ಒಣಹುಲ್ಲಿನ ಭಾರವಲ್ಲ ಅದು.

ಸದ್ದಿಗೆ ಹುಲಿಗೆಮ್ಮ ಮೊಬೈಲಿನ ಬೆಳಕು ಹಿಡಿದು ಓಡಿ ಬಂದಳು. ನಾನು ಕುಡುಗೋಲು ಎತ್ತಿದ್ದೆ.

"ಬ್ಯಾಡ್ರೀ! ಆಕಿ ಮುಂದ ಬ್ಯಾಡ್ರೀ, ನೋಡಾಕತ್ತಾಳ!"

"ನೋಡ್ಲಿ. ಹುಲ್ಲು ಯಾವುದು, ಕರಾ ಯಾವುದು ಅಂತ ಇವತ್ತು ಗೊತ್ತಾಗ್ಲಿ ಆಕಿಗೆ."

ಹೊಟ್ಟೆಯ ಹೊಲಿಗೆಯ ಉದ್ದಕ್ಕೂ ಸೀಳಿದೆ. ಹುಲ್ಲು ಹೊರಗೆ ಬಂತು. ತೊಯ್ದ ಹುಲ್ಲು. ಹಿಂಡಿದರೆ ಹಾಲು ಸುರಿಯುವಷ್ಟು ತೊಯ್ದಿತ್ತು. ಕೆಲವು ಕಡೆ ಹಾಲು ಒಡೆದು ಗಟ್ಟಿಯಾಗಿ, ಹುಳಿ ವಾಸನೆ ಬರುತ್ತಿತ್ತು. ನಾನು ಮೊಣಕೈವರೆಗೆ ಒಳಗೆ ಕೈ ಹಾಕಿ ಉಳಿದದ್ದನ್ನು ಕಿತ್ತು ತೆಗೆದೆ.

ಒಳಗೆ ಬಿಸಿ ಇತ್ತು. ಈಗ ತಾನೆ ಕಡಿದ ಪ್ರಾಣಿಯ ಒಳಗೆ ಇರುತ್ತದಲ್ಲ, ಅಂಥ ಬಿಸಿ.

ಕರೆವ್ವ ಒದರಲಿಲ್ಲ. ಹಗ್ಗ ಜಗ್ಗಲಿಲ್ಲ. ಕತ್ತು ಚಾಚಿ, ಕಣ್ಣು ಮಿಟುಕಿಸದೆ ಎಲ್ಲವನ್ನೂ ನೋಡಿದಳು. ಕರುವನ್ನಲ್ಲ. ನನ್ನನ್ನು.

ಬೆಳಕು ಹರಿಯುವ ಮೊದಲೇ ತೊಗಲನ್ನೂ ಹುಲ್ಲನ್ನೂ ಗುಡ್ಡದ ಕೊರಕಲಿಗೆ ಒಯ್ದು ಸುಟ್ಟು ಬಂದೆ. ಕೈಗೆ ಬೂದಿ ತಿಕ್ಕಿದೆ, ಸೋಪು ಹಚ್ಚಿದೆ, ಬಾವಿಯ ನೀರು ಸುರಿದುಕೊಂಡೆ. ವಾಸನೆ ಹೋಗಲಿಲ್ಲ.

ಹಟಕ್ಕೆ ತಂಬಿಗೆ ಹಿಡಿದು ಕರೆವ್ವನ ಹತ್ತಿರ ಹೋದೆ. ಒದೆಯುತ್ತಾಳೆ, ಒದೆದರೆ ಈ ಹೊತ್ತೇ ಗಾಡಿ ತರಿಸುತ್ತೇನೆ ಎಂದುಕೊಂಡಿದ್ದೆ. ಅವಳು ನನ್ನ ಬೆರಳು ಮೂಸಿದಳು. ಅಂಗೈ ನೆಕ್ಕಿದಳು. ಮೊಣಕೈವರೆಗೆ ನೆಕ್ಕಿದಳು, ಚರ್ಮ ಕೆಂಪಾಗುವಂತೆ. "ಹ್ಞೂಂ..." ಎಂದಳು. ಮೊಲೆಗಳು ತುಂಬಿ ಬಂದವು.

ಹುಲಿಗೆಮ್ಮ ಎಷ್ಟೋ ದಿನದ ಮೇಲೆ ನಕ್ಕಳು. "ನೋಡ್ರಿ, ನಿಮ್ಮನ್ನ ಕರಾ ಮಾಡ್ಕೊಂಡಾಳ! ಸಂತಿಗೆ ಹೊಡೀತೀನಿ ಅಂದೋರು ಈಗ ಬಾಲ ಅಲ್ಲಾಡಿಸ್ರಿ."

ನಾನೂ ನಕ್ಕೆ. ಯಂಕಪ್ಪ ತಾತ ಈ ಮಾತು ಕೇಳಿ ನಗಲಿಲ್ಲ. ಬೀಡಿ ಆರಿಸಿ, "ಇನ್ನ ಆಕಿ ಮುಂದ ಕೈ ಹಿಡೀಬ್ಯಾಡ," ಎಂದು ಎದ್ದು ಹೋದ. ಆಮೇಲೆ ನಮ್ಮ ಹೊಲದ ಕಡೆ ಅವನು ಬರುವುದೇ ಕಡಿಮೆಯಾಯಿತು.

ಸ್ವಲ್ಪ ದಿನ ಚೆನ್ನಾಗಿ ನಡೆಯಿತು. ನಾನು ಮುಂದೆ ಕುಳಿತು ಕೈ ಕೊಡುವುದು, ಹುಲಿಗೆಮ್ಮ ಹಿಂದೆ ಕುಳಿತು ಹಿಂಡುವುದು. ಆಮೇಲೆ ಒಂದು ಬೆಳಗ್ಗೆ ಮತ್ತೆ ಕೆಚ್ಚಲು ಖಾಲಿ.

ಛಪ್ಪರದಲ್ಲಿ ಈಗ ಏನೂ ಇರಲಿಲ್ಲ. ಕರು ಇಲ್ಲ, ತೊಗಲಿಲ್ಲ, ಹುಲ್ಲಿಲ್ಲ.

ಅದೇ ಬೆಳಗ್ಗೆ ನನ್ನ ಬಾಯಿಯಲ್ಲಿ ಒಂದು ರುಚಿ ಇತ್ತು. ಸಿಹಿ, ಸ್ವಲ್ಪ ಉಪ್ಪು, ಬೆಚ್ಚಗೆ. ಮೀಸೆ ಒಣಗಿ ಅಂಟಂಟಾಗಿತ್ತು. ನಾನು ರಾತ್ರಿ ಹಾಲು ಕುಡಿಯುವವನಲ್ಲ. ಹುಲಿಗೆಮ್ಮನಿಗೆ ಹೇಳಲಿಲ್ಲ. ಬಾವಿಗೆ ಹೋಗಿ ಬಾಯಿ ಮುಕ್ಕಳಿಸಿದೆ. ನೀರು ಬೆಳ್ಳಗೆ ಬಿತ್ತು.

ಮರುದಿನವೂ ಹಾಗೆಯೇ. ಅದರ ಮರುದಿನವೂ.

ಈ ಎಮ್ಮೆ ಮನೆಯಲ್ಲಿ ಇರಬಾರದು ಎಂದು ತೀರ್ಮಾನಿಸಿ ದಲಾಲಿ ಬಸಣ್ಣನಿಗೆ ಫೋನು ಮಾಡಿದೆ. ಅವನು ಸಂತೆಗೆ ಹೋಗುವ ದಾರಿಯಲ್ಲಿ ಬೆಳಬೆಳಗ್ಗೆಯೇ ಗಾಡಿ ತಂದ. ಇನ್ನೂ ಕತ್ತಲು ಪೂರ್ತಿ ಹರಿದಿರಲಿಲ್ಲ. ಕರೆವ್ವನ ಬೆನ್ನು ತಟ್ಟಿ ನೋಡಿದ.

"ಮೈ ಚಲೋ ಐತಿ ಅಮರೇಶಣ್ಣ. ಹಾಲು ಯಾಕ ಬತ್ತೈತಿ?"

"ನೀ ಒಯ್ಯೋದು ಹಾಲಿಗಲ್ಲ ಬಿಡಲೇ."

"ಅದೂ ಖರೇನ," ಎಂದು ಹಲ್ಲು ಕಿರಿದ.

ಹುಲಿಗೆಮ್ಮ ಗಾಡಿಗೆ ಅಡ್ಡ ನಿಂತಳು. "ನನ್ನ ಎಮ್ಮಿ ಇದು. ನಮ್ಮವ್ವ ಕೊಟ್ಟದ್ದು."

"ಎಮ್ಮಿ ನಿಂದು, ಮೇವು ನಂದು. ಸರಿ ಆಕಡಿ."

ಅವಳ ರಟ್ಟೆ ಹಿಡಿದು ಪಕ್ಕಕ್ಕೆ ದೂಡಿದೆ. ಬಸಣ್ಣ ಹಗ್ಗ ಹಿಡಿದು ಜಗ್ಗಿದ. ಕರೆವ್ವ ಹಟ ಮಾಡದೆ ಹೆಜ್ಜೆ ಹಾಕಿದಳು. ಗಾಡಿಯ ಹಲಗೆಯ ಮೇಲೆ ಮುಂಗಾಲು ಇಟ್ಟು, ಕತ್ತು ತಿರುಗಿಸಿ ನನ್ನನ್ನು ನೋಡಿದಳು.

"ಹ್ಞೂಂ..."

ನನ್ನ ಗಂಟಲಿನಿಂದ ಉತ್ತರ ಹೊರಟಿತು.

ಅದನ್ನು ನಾನು ಮಾಡಲಿಲ್ಲ. ನನ್ನ ಬಾಯಿ ತೆರೆಯಿತು, ಎಳೆಗರು ತಾಯಿಯನ್ನು ಕರೆಯುವ ದನಿ ಬಂತು, ಒಡೆದ, ತೆಳ್ಳನೆಯ ದನಿ. ಮೊಣಕಾಲು ತಾವಾಗಿ ಮಡಚಿದವು. ಅಂಗೈಗಳು ಮಣ್ಣಿಗೆ ಊರಿದವು. ತಲೆ ಎತ್ತಲು ನೋಡಿದೆ, ಕತ್ತು ಅವಳ ಕಡೆಗೇ ಚಾಚಿಕೊಂಡಿತ್ತು.

ಬಸಣ್ಣ ಹಗ್ಗ ಕೈಬಿಟ್ಟ. "ಅಣ್ಣಾ... ನಿಮ್ಮನ್ಯಾಗ ಏನೈತೋ ನನಗ ಬ್ಯಾಡಪ್ಪ," ಎಂದವನು ಹಿಂದೆ ನೋಡದೆ ಗಾಡಿ ಓಡಿಸಿಕೊಂಡು ಹೋದ. ಮಸ್ಕಿಯ ಸಂತೆಯಲ್ಲಿ ಯಾರೂ ಈಗ ನಮ್ಮ ಎಮ್ಮೆಯ ಮಾತು ಎತ್ತುವುದಿಲ್ಲ. ಕೇಳಿ ನೋಡಿ.

ಹುಲಿಗೆಮ್ಮ ಮಾತ್ರ ಬೆದರಲಿಲ್ಲ. ಬಿದ್ದ ಹಗ್ಗ ಎತ್ತಿ, ಕರೆವ್ವನನ್ನು ಛಪ್ಪರಕ್ಕೆ ಕರೆದೊಯ್ದು ಕಟ್ಟಿ, ಮೇವು ಹಾಕಿದಳು. ಆಮೇಲೆ ನನ್ನ ಮುಂದೆ ಬಂದು ನಿಂತಳು. ನಾನು ಇನ್ನೂ ಮಣ್ಣಿನಲ್ಲಿ ಕೈ ಊರಿಕೊಂಡಿದ್ದೆ.

"ಈಗ ಮಾರ್ರಿ ನೋಡೋಣ," ಎಂದಳು. "ಆಕಿ ಎಲ್ಲಿ ಹೋದ್ರೂ ನೀವು ಹಿಂದ ಹೊಂಟುಬಿಡ್ತೀರಿ. ಕಟುಕರ ಮನಿಗೂ."

ಅವಳ ಎಮ್ಮೆ ಉಳಿಯಿತು. ನಾನು ಮತ್ತೆ ಮಾರುವ ಮಾತು ಆಡಿಲ್ಲ, ಆಡುವುದೂ ಇಲ್ಲ.

ಆ ರಾತ್ರಿ ಮಲಗುವ ಮುಂಚೆ ಅವಳು ಒಂದು ಗಿಡ್ಡ ಹಗ್ಗ ತಂದಳು. ನನ್ನ ಕಾಲಿಗೆ ಒಂದು ತುದಿ, ಹೊರಸಿನ ಕಾಲಿಗೆ ಇನ್ನೊಂದು ತುದಿ. ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿ, ತಾನು ಹೊಸ್ತಿಲ ಆಚೆ ಚಾಪೆ ಹಾಸಿಕೊಂಡಳು.

"ಬ್ಯಾಸರ ಮಾಡ್ಕೋಬ್ಯಾಡ್ರಿ. ಮನಿಗೆ ಹಾಲು ಬೇಕಲ್ಲ."

ಬೇಸರ ಏನಿದೆ? ಹೋರಿಯನ್ನು ಕಟ್ಟಿದವನು ನಾನು, ಗೂಟದ ನ್ಯಾಯ ನನಗೆ ಗೊತ್ತು. ಮೊದಲ ರಾತ್ರಿಗಳು ಶಾಂತವಾಗಿ ಕಳೆದವು. ತಂಬಿಗೆ ತುಂಬಿತು. ಸಿಂಧನೂರಿನವರು ಮೊನ್ನೆ ಮತ್ತೆ ಬಂದಿದ್ದರು, ಬೇವಿನ ಕೆಳಗೆ ನಿಂತರು, ನನ್ನ ಕಾಲಿನ ಮೇಲಿನ ಹಗ್ಗದ ಬರೆ ನೋಡಿಯೂ ಫೋಟೋ ತೆಗೆದುಕೊಂಡು ಹೋದರು.

ಇವತ್ತು ಬೆಳಗ್ಗೆ ಹುಲಿಗೆಮ್ಮ ಚಿಲಕ ತೆಗೆದು ಒಳಗೆ ಬಂದಾಗ ಅವಳ ಕೈಯಲ್ಲಿ ಖಾಲಿ ತಂಬಿಗೆ ಇತ್ತು. ಅವಳು ಬಗ್ಗಿ ನನ್ನ ಕಾಲಿನ ಹಗ್ಗ ನೋಡಿದಳು. ನಾನೂ ನೋಡಿದೆ. ಗಂಟು ಅವಳು ಹಾಕಿದ ಹಾಗೆಯೇ ಬಿಗಿಯಾಗಿತ್ತು. ರಾತ್ರಿಯೆಲ್ಲ ಬಾಗಿಲಿಗೆ ಅಡ್ಡ ಮಲಗಿದ್ದವಳು ಅವಳೇ.

ನನ್ನ ಎರಡೂ ಮೊಣಕಾಲಿಗೆ ಹಸಿ ಸಗಣಿ ಹತ್ತಿತ್ತು.